ಸಾಹೇಬನ ಪ್ರೋಟೀನ್ ಲೆಕ್ಕ

ತಮ್ಮನಿಗೆ ಬುದ್ಧಿ ಅಂತ ಒಂದಿದ್ದಿದ್ದರೆ ಅದೂ ಇಷ್ಟು ಹೊತ್ತಿಗೆ ತೋಳಿಗೇ ಇಳಿದು ಗಂಟು ಕಟ್ಟಿರುತ್ತಿತ್ತು ಎನ್ನುವುದು ಅಕ್ಕನ ಖಚಿತ ಅಭಿಪ್ರಾಯ. ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲೆ ಅವನ ಜಿಮ್. ತಲೆಯ ಮೇಲೆ ಕಬ್ಬಿಣ ಧಡಾರನೆ ಬಿದ್ದಾಗಲೆಲ್ಲ ಅವಳು ಸೂಜಿಗೆ ದಾರ ಪೋಣಿಸುತ್ತಲೇ, "ಬಿತ್ತು ನೋಡಿ, ನಮ್ಮ ಪೈಲ್ವಾನನ ಮಿದುಳು" ಎನ್ನುವಳು. ಅಳತೆ ಕೊಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುವರು. ಗಂಡನಿಲ್ಲ, ಮಕ್ಕಳಿಲ್ಲ, ಅವಳಿಗೆ ಇದ್ದವರು ಈ ತಮ್ಮ ಮತ್ತು ಸಾಹೇಬ.

ಸಾಹೇಬ ಎಂದರೆ ನಾಯಿ. ಗಿಡ್ಡ ಕಾಲು, ನೆಲ ಸವರುವ ಹೊಟ್ಟೆ. ಬೆಳಿಗ್ಗೆ ಎದ್ದು ಬೀದಿಯ ಒಂದೊಂದು ಬಾಗಿಲನ್ನೂ ತಪಾಸಣೆ ಮಾಡಿ ಬಂದು, ಅವಳ ಹೊಲಿಗೆ ಯಂತ್ರದ ಪೆಡಲಿಗೆ ಒರಗಿ ಮಲಗಿದರೆ ಊಟದ ಹೊತ್ತಿಗೇ ಏಳುವುದು. ಅಕ್ಕ ಗೇಲಿ ಮಾಡದೆ ಮಾತಾಡಿಸುತ್ತಿದ್ದ ಜೀವ ಅದೊಂದೇ.

ಇಂಥ ಸಾಹೇಬನಿಗೆ ಮೈಕಟ್ಟು ಬರಿಸುವ ಹುಚ್ಚು ತಮ್ಮನಿಗೆ ಹತ್ತಿತು. ಜಿಮ್ಮಿಗೆ ಬರುವ ಯಾರೋ ಒಬ್ಬ ತನ್ನ ನಾಯಿಯ ಎದೆ ತೋರಿಸಿ ಜಂಬ ಕೊಚ್ಚಿದನಂತೆ, ಅಷ್ಟೇ ಸಾಕಾಯಿತು. ಮೈತೂಕದ ಕಿಲೋಗೆ ಎರಡು ಗ್ರಾಂ ಪ್ರೋಟೀನ್ ಎಂದು ಗಿರಾಕಿಗಳಿಗೆ ಒಪ್ಪಿಸುವ ಪಾಠವನ್ನೇ ನಾಯಿಗೂ ಹಚ್ಚಿದ. ಸಾಹೇಬನನ್ನು ಎತ್ತಿಕೊಂಡು ತೂಕದ ಯಂತ್ರ ಹತ್ತಿದ, ಇಳಿಸಿ ಮತ್ತೆ ಹತ್ತಿದ, ಒಂದರಲ್ಲಿ ಒಂದು ಕಳೆದ. ತಟ್ಟೆಗೆ ಮಾಂಸ, ಮೊಟ್ಟೆ ಮೊದಲೇ ಬೀಳುತ್ತಿತ್ತು. ಅದರ ಮೇಲೆ ತಾನು ಕುಡಿಯುವ ಡಬ್ಬಿಯ ಪುಡಿಯನ್ನೂ ಕದಡಿ ಸುರಿಯತೊಡಗಿದ.

ಅಕ್ಕ ಅದನ್ನು ಕಂಡದ್ದು ಜಿಮ್ ತುಂಬಿದ್ದ ಹೊತ್ತಿನಲ್ಲಿ.

"ಏನೋ ಇದು?"

"ಮಸಲ್ ಬರ್ಬೇಕಂದ್ರೆ ಪ್ರೋಟೀನ್ ಬೇಕು ಅಕ್ಕ. ಸೈನ್ಸು."

"ಸೈನ್ಸಂತೆ ಸೈನ್ಸು! ಅದು ಪರೀಕ್ಷೇಲಿ ನಿನ್ನ ಎತ್ತಿ ಆಚೆ ಎಸೀತಲ್ಲ, ಮರ್ತೋಯ್ತಾ? ಒಂದು ಕೆಲ್ಸ ಮಾಡು, ಇಬ್ರೂ ಕನ್ನಡಿ ಮುಂದೆ ನಿಂತು ತೋಳು ಮಡಿಸಿ ತೋರ್ಸಿ. ಇದ್ರಲ್ಲಿ ನಾಯಿ ಯಾವ್ದು ಅಂತ ಬಂದೋರಿಗೆ ನಾನೇ ಹೇಳ್ತೀನಿ."

ಜಿಮ್ಮಿಗೆ ಜಿಮ್ಮೇ ಬಿದ್ದು ಬಿದ್ದು ನಕ್ಕಿತು. ತಮ್ಮನ ಕಿವಿ ಕೆಂಪಾದವು. ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟ. ಆಮೇಲೆ ಆ ಪುಡಿ ಅವಳ ಕಣ್ಣಿಗೆ ಬೀಳಲಿಲ್ಲ. "ಒಂದೇ ಮಾತಿಗೆ ಬಿಡಿಸ್ಬಿಟ್ಟೆ" ಎಂದು ಅಕ್ಕ ಕಂಡಕಂಡವರ ಹತ್ತಿರ ಹೇಳಿಕೊಂಡಳು.

ಒಂದು ಮಧ್ಯಾಹ್ನ ಸಾಹೇಬ ಮೇಲಿನಿಂದ ಇಳಿದು ಬಂದು ಪೆಡಲಿನ ಪಕ್ಕ ವಾಂತಿ ಮಾಡಿದ. ಏಳಲು ಹೋದರೆ ಕುಡುಕನ ಹಾಗೆ ಕಾಲು ನಾಲ್ಕೂ ನಾಲ್ಕು ಕಡೆ ಹೋದವು. ಮೈ ಗಡಗಡ ನಡುಗುತ್ತಿತ್ತು. ಅಕ್ಕ ಕಿರುಚಿದಳು. ತಮ್ಮ ಓಡಿ ಬಂದು ನಾಯಿಯನ್ನು ಎದೆಗವಚಿಕೊಂಡು ಬೀದಿ ಕೊನೆಯ ಪಶುವೈದ್ಯೆಯ ಹತ್ತಿರ ಓಡಿದ. ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಅಕ್ಕನೂ ಹಿಂದೆಯೇ ಓಡಿದಳು.

"ಏನು ತಿಂದಿದೆ?" ಎಂದರು ಡಾಕ್ಟರು.

"ಯಾವಾಗ್ಲೂ ತಿನ್ನೋದೇ" ಎಂದ ತಮ್ಮ.

ಅಕ್ಕನ ನಾಲಿಗೆ ಸುಮ್ಮನಿರಬೇಕಲ್ಲ. "ಕೇಳಿ ಡಾಕ್ಟ್ರೇ ಈ ಮಹಾನುಭಾವನ್ನ. ಕಿಲೋಗಿಷ್ಟು ಪ್ರೋಟೀನ್ ಅಂತ ಪುಡಿ ಕಲಸಿ ಹಾಕ್ತಿದ್ದ. ನಾನು ಉಗಿದು ಬಿಡಿಸ್ದೆ. ಅದೇ ಈಗ ಹೊಡ್ದಿರ್ಬೇಕು."

"ಪ್ರೋಟೀನ್ ಜಾಸ್ತಿ ಆಯ್ತು ಅಂತ ನಾಯಿ ಹೀಗೆ ದಿಢೀರಂತ ಬೀಳಲ್ಲಮ್ಮ. ಬೆಳೆದ ನಾಯಿಗೆ, ನೀರಿನಂಶ ಬಿಟ್ಟು, ಊಟದ ಐದನೇ ಒಂದು ಪಾಲು ಪ್ರೋಟೀನ್ ಇದ್ರೆ ಸಾಕು. ಮಾಂಸ, ಮೊಟ್ಟೇಲೇ ಅದು ಸಿಕ್ಕಿರತ್ತೆ, ಮಿಕ್ಕಿದ್ದು ದಂಡ. ಇದು ಬೇರೆ ಏನೋ. ಸಕ್ಕರೆ ಇಲ್ಲದ್ದು ಅಂತ ಮಾರ್ತಾರಲ್ಲ, ಆ ಥರದ್ದೇನಾದ್ರೂ ತಿಂತಾ? ಕೆಲವದ್ರಲ್ಲಿರೋ ಸಿಹಿ ನಮಗೆ ಏನೂ ಮಾಡಲ್ಲ, ನಾಯಿಗೆ ವಿಷ. ಬೇಗ ಹೇಳಿ."

ತಮ್ಮ ಬಾಯಿ ತೆರೆದ. ಅಕ್ಕನ ಮುಖ ನೋಡಿದ. ಮುಚ್ಚಿಕೊಂಡ.

"ಇಲ್ಲ" ಎಂದ.

'ಬೊಗಳೋ, ಮಿದುಳಿಲ್ಲದೋನೇ' ಎನ್ನುವ ಮಾತು ಅವಳ ಹಲ್ಲಿನ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಕಣ್ಣು ಕಂಡಳು. ಮೇಜಿನ ಮೇಲೆ ನಾಯಿ ಒದ್ದಾಡುತ್ತಿದೆ, ಅವನ ಕೈ ನಾಯಿಯ ಬೆನ್ನ ಮೇಲಿದೆ. ಅವನಿಗೆ ಭಯವಿರುವುದು ಮಾತ್ರ ಈ ಅಕ್ಕನ ಬಾಯಿಯದು! ತಾನಿಲ್ಲಿ ನಿಂತಿರುವವರೆಗೆ ಇವನು ಹೇಳುವುದಿಲ್ಲ, ಅಷ್ಟರಲ್ಲಿ ಸಾಹೇಬ ಹೋಗಿಬಿಡುತ್ತಾನೆ. ತನ್ನ ನಾಲಿಗೆಯ ಮೇಲೇ ಅವಳಿಗೆ ಥೂ ಎನಿಸಿತು.

"ನಾನು ಆಚೆ ಕೂತಿರ್ತೀನಿ" ಎಂದು ಹೊರಗೆ ಬಂದು ಬಾಗಿಲೆಳೆದುಕೊಂಡಳು.

ಬಾಗಿಲು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ.

"ಹೊಸ ಡಬ್ಬಿ ಡಾಕ್ಟ್ರೇ" ಎಂದು ತಮ್ಮ ಬಡಬಡನೆ ಹೇಳುತ್ತಿದ್ದ. "ಶುಗರ್ ಫ್ರೀ ಅಂತ ಬರ್ದಿತ್ತು, ಅದಕ್ಕೇ ಒಳ್ಳೇದು ಅನ್ಕೊಂಡೆ. ಅವಳು ನೋಡ್ಬಾರ್ದು ಅಂತ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕುಡಿಸ್ದೆ. ಈಗ, ಊಟದ ಹೊತ್ತಲ್ಲಿ."

"ಮೊದ್ಲೇ ಹೇಳೋಕೇನ್ರೀ!" ಡಾಕ್ಟರು ಗ್ಲೂಕೋಸ್ ತರಲು ಕೂಗಿದರು. ಒಳಗೆ ಕಾಲುಗಳು ಓಡಾಡಿದವು, ಪಾತ್ರೆಯೊಂದು ಬಿತ್ತು.

"ಬದುಕ್ತಾನಾ?"

"ಲಿವರ್ ತಡ್ಕೊಂಡ್ರೆ. ನಾಳೆ ನೋಡ್ಬೇಕು."

ಆಮೇಲೆ ಆ ಅಷ್ಟುದ್ದದ ಆಳು ಬಿಕ್ಕುತ್ತಾ, "ಅಕ್ಕಂಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ" ಎಂದ. "ಎಲ್ರ ಮುಂದೆ ಹೇಳ್ಕೊಂಡು ನಗ್ತಾಳೆ."

ಬೆಂಚಿನ ಮೇಲೆ ಬೆಕ್ಕು ಹಿಡಿದು ಕೂತಿದ್ದ ಮುದುಕಿ ಅವಳ ಕಡೆ ಬಗ್ಗಿ, "ಒಳಗೆ ಅಳ್ತಿರೋದು ಯಾರಮ್ಮ?" ಎಂದು ಕೇಳಿದಳು.

"ನನ್ನ ತಮ್ಮ" ಎಂದಳು ಅಕ್ಕ. ಸರಿಯಾಗಿ ಮುಚ್ಚಿರದ ಬಾಗಿಲನ್ನು ಸದ್ದಾಗದಂತೆ ಎಳೆದು ಮುಚ್ಚಿದಳು.