ಹಿಂಬದಿ ರಟ್ಟಿನ ನಂಬರು

ಐದು ತಿಂಗಳಲ್ಲಿ ಇದು ನಾಲ್ಕನೆಯ ಭೇಟಿ. ಹಾಜಿಯಾ ದಿಜೆಯವರ ಮನೆಯ ಚಾಪೆಯ ಮೇಲೆ ಕುಳಿತ ಅಸಾಬೆಗೆ ಬೇಡಿಕೊಳ್ಳುವ ಮಾತುಗಳೂ ಮುಗಿದುಹೋಗಿದ್ದವು. ಬೆಳಗಿನಿಂದ ಅರವತ್ತು ಮಕ್ಕಳಿಗೆ ಮಗ್ಗಿ ಹೇಳಿಸಿ ಗಂಟಲು ಒಣಗಿತ್ತು. ಒಂಬತ್ತು ವರ್ಷ ಕುಳಿತು ಬರೆದ ಅವಳ ಕಾದಂಬರಿ, ಏಳು ನೋಟುಪುಸ್ತಕಗಳ ಕಟ್ಟು, ಹೋದ ಸಲ ಇಟ್ಟಿದ್ದ ಕಪಾಟಿನ ಮೇಲೇ ಹಸಿರು ದಾರ ಬಿಗಿದುಕೊಂಡು ಬಿದ್ದಿತ್ತು.

ಕುರ್ಮಿ ಮಾರುಕಟ್ಟೆಯ ಮುದ್ರಕ ಮಾಲಮ್ ಹಬು ಖಡಾಖಂಡಿತವಾಗಿ ಹೇಳಿದ್ದ: ಹಾಜಿಯಾ ಮೂರು ಸಾಲು ಮುನ್ನುಡಿ ಕೊಟ್ಟರೆ ಅಚ್ಚು, ಇಲ್ಲವಾದರೆ ಇಲ್ಲ. ಹಾಜಿಯಾ ಬರೆದದ್ದು ಇಪ್ಪತ್ತೆರಡು ಕಾದಂಬರಿ, ಒಂದೊಂದೂ ಮೂರು ನಾಲ್ಕು ಭಾಗ. ಪ್ರತಿ ಭಾಗವೂ ಓದುವವರ ಉಸಿರು ಹಿಡಿಸುವ ಜಾಗದಲ್ಲಿ ನಿಲ್ಲುತ್ತಿತ್ತು. ಹಿಂಬದಿ ರಟ್ಟಿನ ಮೇಲೆ ಲೇಖಕಿಯ ಫೋನ್ ನಂಬರಿರುತ್ತಿತ್ತು. ಕಾನೋ ನಗರದ ಹೆಂಗಸರೆಲ್ಲ ಆ ನಂಬರು ಬಲ್ಲರು.

ಈಗಲೂ ಆ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

“ತಗೋ, ನೀನೇ ಮಾತಾಡು,” ಎಂದು ದಿಂಬಿಗೊರಗಿದ್ದ ಹಾಜಿಯಾ ಅದನ್ನು ಅವಳತ್ತ ತಳ್ಳಿದರು. “ನನ್ನ ಗಂಟಲು ಕೂತ್ಹೋಗಿದೆ. ಕಲೀಬೇಕು ಕಲೀಬೇಕು ಅಂತ ಬರ್ತೀಯಲ್ಲ, ಕಲಿ.”

“ಏನಂತ ಹೇಳ್ಲಿ?”

“ಮೂರನೇ ಭಾಗದಲ್ಲಿದೆ ಅನ್ನು. ಇಪ್ಪತ್ತು ವರ್ಷದಿಂದ ನಾನು ಹೇಳ್ತಿರೋದು ಅದೊಂದೇ.”

ಮೊದಲ ಕರೆ ಒಬ್ಬ ದರ್ಜಿಯಾಕೆಯದು. “ಹಾಜಿಯಾ, ಆ ಅತ್ತೆಗೆ ಲಕ್ವಾ ಹೊಡೆಸ್ತೀರೋ ಇಲ್ವೋ? ನಮ್ಮ ಅಂಗಡೀಲಿ ಪಂದ್ಯ ಕಟ್ಟಿದೀವಿ!” ಎರಡನೆಯವಳು ಸಿಟ್ಟಿನಲ್ಲಿದ್ದಳು: ಕಥೆಯ ಕುಡುಕನಿಗೆ ತನ್ನ ಗಂಡನ ಹೆಸರಿಟ್ಟದ್ದೇಕೆ? “ಸುಳ್ಳೇನಿಲ್ಲ, ಆದ್ರೆ ಊರಿಗೆಲ್ಲ ಯಾಕೆ ಹೇಳ್ಬೇಕಿತ್ತು?” ಅಸಾಬೆ ಇಬ್ಬರಿಗೂ ಮೂರನೆಯ ಭಾಗದ ಕಡೆ ದಾರಿ ತೋರಿಸಿದಳು.

ಮೂರನೆಯ ಕರೆಯಲ್ಲಿ ಸಲಾಮೂ ಇರಲಿಲ್ಲ. ಯಾರಿಗೋ ಕೇಳಿಸೀತೆಂಬ ಭಯದ ಪಿಸುದನಿ.

“ಎರಡನೇ ಭಾಗದ ಕೊನೇಲಿ ಕುಲು ಪೆಟ್ಟಿಗೆ ಹಿಡ್ಕೊಂಡು ಹೊಸ್ತಿಲ ಮೇಲೆ ನಿಂತಿದಾಳೆ. ಗಂಡನ ಮನೆ ಬಿಟ್ಟು ಹೋಗ್ತಾಳಾ, ಇರ್ತಾಳಾ?”

“ಮೂರನೇ ಭಾಗದಲ್ಲಿದೆ ಅಮ್ಮಾ.”

“ಅದು ಬರೋದು ಹಬ್ಬಕ್ಕೆ. ನಮ್ಮಣ್ಣ ಕಾರು ತರೋದು ಇವತ್ತು, ಇಳಿಹೊತ್ತಿನ ಅಸರ್ ನಮಾಜು ಮುಗಿದ ತಕ್ಷಣ. ನಾನೂ ಪೆಟ್ಟಿಗೆ ಕಟ್ಟಿದೀನಿ ಹಾಜಿಯಾ. ಒಂದೇ ಒಂದು ಮಾತು ಹೇಳಿಬಿಡಿ.”

ಅಸಾಬೆ ಫೋನಿಗೆ ಅಂಗೈ ಮುಚ್ಚಿ ವಿಷಯ ಹೇಳಿದಳು. ಹಾಜಿಯಾ ಕಣ್ಣು ತೆರೆಯಲಿಲ್ಲ. “ಮೂರನೇ ಭಾಗ ಅನ್ನು. ಕುಲು ಹೋಗ್ತಾಳೋ ಇರ್ತಾಳೋ ನನಗೇ ಗೊತ್ತಿಲ್ಲ. ಬರೆದಿದ್ರೆ ತಾನೆ?”

ಹೊರಗೆ ಮಸೀದಿಯ ಧ್ವನಿವರ್ಧಕ ಒಮ್ಮೆ ಕರಕರ ಎಂದಿತು. ಬಾಂಗು ಕೊಡುವವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಬೇರೇನೂ ತೋಚದೆ ಅಸಾಬೆ, ದಿನಬೆಳಗಾದರೆ ತರಗತಿಯಲ್ಲಿ ಮಕ್ಕಳ ಚೀಲ ನೋಡಿ ಕೇಳುವ ಪ್ರಶ್ನೆಯನ್ನೇ ಕೇಳಿಬಿಟ್ಟಳು.

“ಪೆಟ್ಟಿಗೇಲಿ ಏನೇನಿದೆ?”

“ಮಕ್ಕಳ ಬಟ್ಟೆ. ಲಸಿಕೆ ಕಾರ್ಡು. ಅಮ್ಮನ ಫೋಟೋ. ಆಮೇಲೆ… ಮುದ್ದೆ ಕೋಲು.”

“ಮುದ್ದೆ ಕೋಲಾ?”

“ಅಣ್ಣನ ಮನೇಲಿ ಅತ್ತಿಗೆ ಕೋಲು ನನ್ನ ಕೈಗೆ ಕೂರಲ್ಲ ಹಾಜಿಯಾ. ತೀರಾ ತೆಳ್ಳಗಿದೆ.”

“ಎರಡು ದಿನಕ್ಕೆ ಹೋಗೋರು ಕೋಲು ಕಟ್ಕೊಂಡು ಹೋಗಲ್ಲ ಅಮ್ಮಾ,” ಎಂದಳು ಅಸಾಬೆ ಮೆಲ್ಲಗೆ.

ಎಲ್ಲೋ ಒಂದು ಮಗು ಅಳುತ್ತಿತ್ತು. “ಹೌದಲ್ವಾ,” ಎಂದಿತು ಪಿಸುದನಿ. ಕರೆ ತುಂಡಾಯಿತು. ಬಾಂಗು ಶುರುವಾಯಿತು. ಕಾರು ಬಂತೋ, ಅವಳು ಹತ್ತಿದಳೋ, ಅಸಾಬೆಗೆ ಎಂದಿಗೂ ತಿಳಿಯಲಿಲ್ಲ.

“ಕುಲು ಕಥೆ ಹೇಳಿಬಿಟ್ಯಾ?”

“ಇಲ್ಲ. ಆಕೆ ಕಥೇನೇ ಆಕೆಗೆ ಹೇಳ್ದೆ.”

ಹಾಜಿಯಾ ಎದ್ದು ಕುಳಿತರು. ದಿಂಬಿನಡಿಯಿಂದ ಪೆನ್ನು ತೆಗೆದು ಮಾತ್ರೆಯ ಪೊಟ್ಟಣದ ಅಂಚಿನಲ್ಲಿ ಗೀಚಿಕೊಂಡರು: ಕೋಲು. ಅತ್ತಿಗೆಯದು ತೆಳ್ಳಗೆ.

“ಬರ್ಕೊಳ್ತಿದೀರಾ?”

“ಮತ್ತೆ? ಓದೋರು ನನ್ನ ಕೇಳಲಿ ಅಂತ ನಂಬರು ಹಾಕ್ತೀನಿ ಅಂದ್ಕೊಂಡ್ಯಾ? ಅವರ ಮಾತು ನಾನು ಕೇಳೋಕೆ.” ಆ ದನಿಯಲ್ಲಿ ಜಂಬವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ, ಬಹುಕಾಲದ ಆಯಾಸ ಮಾತ್ರವಿತ್ತು. “ಅದಿರಲಿ. ನಿನ್ನ ನಾಲ್ಕನೇ ನೋಟುಪುಸ್ತಕದಲ್ಲಿ ಜುಮ್ಮೈ ಗಂಡನ ಮನೆ ಬಿಡ್ತಾಳಲ್ಲ, ಏನು ತಗೊಂಡು ಹೋದ್ಲು?”

ಅಸಾಬೆ ಬೆಚ್ಚಿ ಕಪಾಟಿನತ್ತ ನೋಡಿದಳು. ಹಸಿರು ದಾರದ ಗಂಟು ಅವಳು ಹಾಕಿದ್ದಲ್ಲ.

“ಏನೂ ಇಲ್ಲ,” ಎಂದಳು.

“ಹದಿನಾಲ್ಕು ವರ್ಷ ಬಾಳಿದ ಮನೆ! ನಾಲ್ಕು ಪುಟ ಅತ್ತಳು ಮಹಾರಾಯ್ತಿ, ಒಂದು ಚೂರು ಬಟ್ಟೇನೂ ಮಡಚಲಿಲ್ಲ.” ಹಾಜಿಯಾ ಹಾಳೆಯೊಂದನ್ನೆಳೆದು ಮೂರು ಸಾಲು ಬರೆದು ಸಹಿ ಹಾಕಿದರು. “ತಗೋ. ಹಬು ನೋಡೋದು ನನ್ನ ಸಹೀನ, ನಿನ್ನ ಜುಮ್ಮೈ ಪೆಟ್ಟಿಗೇನಲ್ಲ. ಇವತ್ತೇ ಅಚ್ಚಿಗೆ ಕೊಟ್ರೂ ಆಯ್ತು. ನಂಬರು ಮಾತ್ರ ಹಾಕ್ಬೇಡ. ಆಮೇಲೆ ಊಟ ನೆಮ್ಮದಿಯಾಗಿ ಇಳಿಯಲ್ಲ.”

ಐದು ತಿಂಗಳು ಅಲೆದು ಬೇಡಿದ ಹಾಳೆ ಕೈಯಲ್ಲಿತ್ತು, ನೋಟುಪುಸ್ತಕಗಳ ಕಟ್ಟು ತೋಳಿನಲ್ಲಿತ್ತು. ಕುರ್ಮಿಯವರೆಗಿನ ಬಿಸಿಲಿನಲ್ಲಿ ನಡೆಯುವಾಗ ಅಸಾಬೆಗೆ ಸಂತೋಷಪಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಮಾಲಮ್ ಹಬು ಮೂರು ಸಾಲನ್ನು ಎರಡು ಸಲ ಓದಿದ. “ಭೇಷ್ ಮಾಲಮಾ, ಭೇಷ್ ಟೀಚರಮ್ಮಾ! ದೊಡ್ಡ ಲೇಖಕಿ ಆದ್ಮೇಲೆ ನಮ್ಮನ್ನ ಮರೀಬೇಡಿ. ಕೊಡಿ, ಏಳೂ ಕೊಡಿ.”

ಅವಳು ದಾರ ಬಿಚ್ಚಿದಳು. ಕೊಟ್ಟುಬಿಡಬಹುದಿತ್ತು. ಮಂಡಿ ನೋಯುತ್ತಿತ್ತು; ಮನೆಯಲ್ಲಿ ತಿದ್ದಬೇಕಾದ ಅರವತ್ತು ಉತ್ತರಪತ್ರಿಕೆಗಳು ಕಾದಿದ್ದವು. ಅವಳು ನಾಲ್ಕನೆಯದನ್ನು ತೆಗೆದು ಕಂಕುಳಿಗಿಟ್ಟುಕೊಂಡಳು.

“ಅದ್ಯಾಕೆ?”

“ಇದನ್ನ ಇನ್ನೊಂದ್ಸಲ ಬರೀಬೇಕು.”

“ಒಂಬತ್ತು ವರ್ಷ ಸಾಲ್ಲಿಲ್ವಾ? ಹೊಟ್ಟೇನೇ ಇಲ್ದಿರೋ ಕುರಿ ನಾನು ಹೆಂಗೆ ಮಾರ್ಲಿ?”

“ನಿಮ್ಮ ಟೈಪು ಮಾಡೋನು ಮೊದಲ ಮೂರು ಮುಗಿಸೋದ್ರೊಳಗೆ ತಂದ್ಕೊಡ್ತೀನಿ.”

“ಅವನು ಆಮೆ. ಹತ್ತು ದಿನ ಹಿಡೀತಾನೆ, ನಿಮ್ಮ ಪುಣ್ಯ.” ಹಬು ಹಿಂಬದಿ ರಟ್ಟಿನ ಕರಡನ್ನು ಮುಂದಿಟ್ಟ. ಕೆಳಗೊಂದು ಗೆರೆ ಖಾಲಿ ಇತ್ತು. “ನಂಬರಿನ ಜಾಗ ಹಾಗೇ ಬಿಡ್ಲಾ? ಹೊಸಬರಿಗೆ ತಲೆನೋವು.”

ಜುಮ್ಮೈ ಏನು ಕಟ್ಟಿಕೊಂಡು ಹೊರಡುತ್ತಾಳೆಂದು ಅಸಾಬೆಗೆ ಇನ್ನೂ ತಿಳಿದಿರಲಿಲ್ಲ. ಕೋಲಂತೂ ಅಲ್ಲ, ಅದು ಇನ್ನೊಬ್ಬಳದು. ಅವಳು ಹಬುವಿನ ಕೈಯಿಂದ ಪೆನ್ನು ತೆಗೆದುಕೊಂಡು, ಹಿಂದಿನ ಬೆಂಚಿನ ಮಕ್ಕಳಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯುವ ಹಾಗೆ, ತನ್ನ ನಂಬರಿನ ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ ಬರೆದಳು.