ಗೊತ್ತಿದ್ದವರು ಹೊಡೀಬೇಕು

"ಹದಿಮೂರೇಳಲೆ?"

ನಿಜಗುಣಪ್ಪ ಮಾಸ್ತರು ಕೇಳಿದ್ದು ಫರೀನ್‌ಳನ್ನು. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಇಪ್ಪತ್ತೈದರ ಮಗ್ಗಿ ತಪ್ಪದ ಹುಡುಗಿ ಅದು. ಆದರೂ ಐದನೇ ಇಯತ್ತೆಯ ಅಷ್ಟೂ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಯಾಕೆಂದರೆ ಈಗ ಹದಿನೈದು ದಿನಗಳಿಂದ ಆಕೆ ಒಂದೂ ಸರಿಯಾಗಿ ಹೇಳಿರಲಿಲ್ಲ.

"ಎಂಬತ್ತೊಂಬತ್ತ್ರಿ ಸರ್ರ," ಎಂದಳು ನೆಲ ನೋಡುತ್ತ.

"ಏನ್ ಬಂದೈತಿ ನಿನಗ? ಸಂದೀಪ, ನೀ ಹೇಳಲೇ."

"ತೊಂಬತ್ತೊಂದ್ರಿ ಸರ!"

ಸಂದೀಪ ಹೇಳುವ ಮೊದಲೇ ಎದ್ದು ನಿಂತಾಗಿತ್ತು. ಆ ಖೋಲಿಯ ಕಾಯ್ದೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಸಾಲಾಗಿ ನಿಲ್ಲಬೇಕು. ಗೊತ್ತಿದ್ದವರು ಬಂದು ಎಡಗೈಯಿಂದ ಅವರ ಮೂಗು ಹಿಡಿದು ಬಲಗೈಯಿಂದ ಕಪಾಳಕ್ಕೊಂದು ಬಿಡಬೇಕು. ಮೂಗು ಯಾಕೆ ಅಂದರೆ, ಮುಖ ಆಚೆ ತಿರುಗಿಸಬಾರದಲ್ಲ! ಮೆತ್ತಗೆ ಹೊಡೆದರೆ ಹೊಡೆದವರಿಗೇ ಮಾಸ್ತರರಿಂದ ಒಂದು ಬೀಳುತ್ತಿತ್ತು, ಹೊಡೆಯುವುದು ಹೇಗೆಂದು ತೋರಿಸಲಿಕ್ಕೆ.

ಇದೇನು ನಿಜಗುಣಪ್ಪನವರು ಹೊಸದಾಗಿ ಹುಡುಕಿದ್ದಲ್ಲ. ಅವರ ಮಾಸ್ತರರು ಮಾಡಿದ್ದು, ಆ ಮಾಸ್ತರರ ಮಾಸ್ತರರು ಮಾಡಿದ್ದು. "ದಂಡಂ ದಶಗುಣಂ. ನನ್ನ ಕೈ ನೋಯೂದಿಲ್ಲ, ಅವಕ್ಕ ಬುದ್ಧಿ ಬರೂದು ಬಿಡೂದಿಲ್ಲ," ಎಂದು ಇಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದಿದ್ದರು. ಹಾಗಂತ ಕೆಟ್ಟ ಮನುಷ್ಯನೇನಲ್ಲ. ಹುಡುಗರಿಗೆ ಜ್ವರ ಬಂದರೆ ತಮ್ಮ ಸೈಕಲ್ ಮೇಲೆ ಕೂರಿಸಿಕೊಂಡು ನೇಸರಗಿಯ ದವಾಖಾನೆಗೆ ಒಯ್ಯುವವರು.

ದೀಪಾವಳಿಯವರೆಗೆ ಆ ಸಾಲಿನ ಕಪಾಳಗಳೆಲ್ಲ ಫರೀನ್‌ಳ ಪಾಲಿಗಿದ್ದವು. ಈಗ ಆಕೆಯೇ ಸಾಲಿನಲ್ಲಿ ನಿಂತಿದ್ದಳು, ಪ್ರಜ್ಞಾಳ ಪಕ್ಕದಲ್ಲಿ. ಪ್ರಜ್ಞಾ ದುರ್ಗಪ್ಪನ ಮಗಳು, ಆ ಸಾಲಿನ ಕಾಯಂ ಗಿರಾಕಿ. ಸಂದೀಪ ಫರೀನ್‌ಳಿಗೆ ಹೊಡೆದಾಗ ಆಕೆ ಕಣ್ಣು ಮಿಟುಕಿಸಲಿಲ್ಲ. ಅವನು ಪ್ರಜ್ಞಾಳ ಮೂಗಿಗೆ ಕೈ ಹಾಕಿದಾಗ ಮಾತ್ರ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಅವತ್ತೇ ಸಾಲೆ ಬಿಡುವ ಹೊತ್ತಿಗೆ ಫರೀನ್‌ಳ ಅಪ್ಪ ಬುರಾನಸಾಬ ಬಂದ. ನೇಸರಗಿಗೂ ಬೈಲಹೊಂಗಲಕ್ಕೂ ಟೆಂಪೋ ಹೊಡೆಯುವವನು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ.

"ಖರೇ ಹೇಳ್ರಿ ಮಾಸ್ತರ. ನಮ್ಮ ಹುಡುಗಿ ದಿನಾ ಹೊಡತಾ ತಿನ್ನಾಕ ಹತ್ಯಾಳಂತ. ಓದು ಹತ್ತೂದಿಲ್ಲೇನು ಅಕಿಗೆ?"

"ಹತ್ತತಿತ್ತೋ ಮಾರಾಯಾ. ಈಗ ಏನಾಗೇತೋ ತಿಳೀವಲ್ದು."

"ಸಾಲಿ ಅಕ್ಕೋರ್ ಆಗಲಿ, ನಮ್ಮ ಮನ್ಯಾಗೂ ಒಬ್ಬಾಕಿ ಖುರ್ಚಿ ಮ್ಯಾಲೆ ಕುಂದರ್ಲಿ ಅಂತ ಆಸೆ ಇತ್ರಿ," ಎಂದ ಬುರಾನಸಾಬ. "ತಲೀನ ಇಲ್ಲಂದ್ರ ಏನ್ ಮಾಡೂದು? ನಮ್ಮ ಮನ್ಯಾಕಿ ರಹೀಮಬಿ ಹೊಲಿಗಿ ಮಷೀನ್ ನಡಸ್ತಾಳ. ಸೋಮವಾರದಿಂದ ಇಕಿನೂ ಅದರ ಮುಂದ ಕುಂದರ್ಲಿ. ಹೆಸರು ತಗದು ಕೊಡ್ರಿ."

ಇಪ್ಪತ್ತೆಂಟು ವರ್ಷದಲ್ಲಿ ಅಂಥ ಹುಡುಗಿ ಮಾಸ್ತರರ ಕೈಗೆ ಸಿಕ್ಕಿದ್ದು ಅದೊಂದೇ.

"ಶನಿವಾರತನಕಾ ತಡಿ. ಮುಂಜಾನೆ ಸಾಲಿಗೆ ನೀನೂ ಬಾ. ನಿನ್ನ ಮುಂದ ಕೇಳತೇನಿ. ಹೇಳಲಿಲ್ಲಂದ್ರ ಕರಕೊಂಡು ಹೋಗು."

ಆ ರಾತ್ರಿ ಮಾಸ್ತರರಿಗೆ ಊಟ ಸೇರಲಿಲ್ಲ. ಹಿಂದಿನ ತಿಂಗಳು ಬೈಲಹೊಂಗಲದಲ್ಲಿ ನಡೆದ ತರಬೇತಿ ನೆನಪಾಯಿತು. ಮಗಳ ವಯಸ್ಸಿನ ಒಬ್ಬ ಹುಡುಗಿ, 'ಸಂಪನ್ಮೂಲ ವ್ಯಕ್ತಿ' ಅಂತ ಆಕೆಗೊಂದು ಮಾರುದ್ದದ ಹೆಸರು ಬೇರೆ, ಆರು ದಿನ ಇವರಿಗೆಲ್ಲ ಪಾಠ ಹೇಳಿದ್ದಳು. "ಅಂಜಿಕಿ ಇದ್ದಲ್ಲಿ ಮೆದುಳು ಬಾಗ್ಲಾ ಹಾಕ್ಕೊಂಡು ಬಿಡತೈತ್ರಿ. ಹೊರಗ ನಿಂತು ಎಷ್ಟು ಬಡದ್ರೂ ತಗಿಯೂದಿಲ್ಲ," ಎಂದಾಗ ನಿಜಗುಣಪ್ಪನವರು ಎದ್ದು, "ನಮ್ಮ ಹುಡುಗರ ಮೆದುಳಿಗೆ ಬಾಗ್ಲಾನ ಇಲ್ಲವಾ, ಬರೇ ಬಯಲು," ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆ ಹುಡುಗಿಯೂ ನಕ್ಕು, "ಒಮ್ಮೆ ಯಾರಿಗೂ ಕಾಣದಂಗ ಪಾಟಿ ಮ್ಯಾಲೆ ಬರಸಿ ನೋಡ್ರಿ ಸರ," ಎಂದಿದ್ದಳು.

ಶುಕ್ರವಾರ ಮಾಸ್ತರು ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದರು. "ಎಲ್ಲಾರೂ ನಿಮ್ಮ ನಿಮ್ಮ ಪಾಟಿ ಮ್ಯಾಲೆ ಬರದು, ಯಾರಿಗೂ ಕಾಣದಂಗ ಡಬ್ಬ ಹಾಕ್ರಿ. ಇವತ್ತ ಹೊಡಿಯೂದಿಲ್ಲ," ಎಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಫರೀನ್‌ಳ ಪಾಟಿಯಲ್ಲಿ ಹತ್ತಕ್ಕೆ ಹತ್ತೂ ಸರಿ. ಪ್ರಜ್ಞಾಳದರಲ್ಲಿ ಎಂಟು. ನೋಡಿ ಬರೆದಿರಬೇಕು ಅನ್ನೋಣವೆಂದರೆ ಆಚೆ ಗೋಡೆ, ಈಚೆ ಫರೀನ್. ಫರೀನ್‌ಳದರಲ್ಲಿ ತಪ್ಪೇ ಇಲ್ಲ, ಇವಳದರಲ್ಲಿ ಇವಳವೇ ಎರಡು ತಪ್ಪು.

ಊಟದ ಬಿಡುವಿನಲ್ಲಿ ಫರೀನ್‌ಳನ್ನು ಒಬ್ಬಳನ್ನೇ ಕರೆದರು. "ಪಾಟಿ ಮ್ಯಾಲೆ ಬರತೈತಿ, ಬಾಯಾಗ ಯಾಕ ಬರವಲ್ದು?"

ಹುಡುಗಿ ಲಂಗದ ಅಂಚು ತಿರುವಿತು.

"ಗೊತ್ತೈತಿ ಅಂದ್ರ ಹೊಡೀಬೇಕಲ್ರಿ ಸರ್ರ."

"ಹೊಡದ್ರ ಏನಾತು?"

"ಪ್ರಜ್ಞಾಳ ಎಡಗಿವಿ ಸೋರತೈತ್ರಿ. ದೀಪಾವಳಿ ಮುಂದ ನಾ ಹೊಡದಾಗ ರಕ್ತ ಬಂತ್ರಿ. ಮೆತ್ತಗ ಹೊಡದಿದ್ದೆ, ನೀವು 'ಇನ್ನೊಮ್ಮೆ ಹೊಡಿ' ಅಂದ್ರಿ." ಆಕೆ ಮೂಗು ಒರೆಸಿಕೊಂಡಳು. "ಆ ಕಡೆ ಅಕಿಗೆ ಏನೂ ಕೇಳಸೂದಿಲ್ರಿ. ಯಾರಿಗೂ ಹೇಳಬ್ಯಾಡ ಅಂದಾಳ."

ಮಾಸ್ತರು ತಿರುಗಿ ಪ್ರಜ್ಞಾಳ ಜಾಗ ನೋಡಿದರು. ಪ್ರಜ್ಞಾ ಕೂಡ್ರುವುದು ಬಲಗಡೆಯ ಗೋಡೆಗೆ ಆತು. ಖುರ್ಚಿ, ಬೋರ್ಡು, ಮಾಸ್ತರು ಎಲ್ಲ ಆಕೆಯ ಎಡಕ್ಕೆ. ನಾಲ್ಕನೇ ಇಯತ್ತೆಯಿಂದ ಆ ಕಿವಿಗೇ ಕೇಳಿದ್ದರು, ಆ ಕಿವಿಗೇ ಹೊಡೆಸಿದ್ದರು.

ಮಧ್ಯಾಹ್ನ ಖೋಲಿಯಲ್ಲಿ ನಿಂತು, "ಇನ್ನ ಮ್ಯಾಲೆ ಯಾರೂ ಯಾರಿಗೂ ಹೊಡಿಯೂದಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಬೇಕು, ಅಷ್ಟ," ಎಂದರು. ಆಮೇಲೆ ಫರೀನ್‌ಳನ್ನು ಮತ್ತೆ ಹದಿಮೂರೇಳಲೆ ಕೇಳಿದರು. ಆಕೆ ಪ್ರಜ್ಞಾಳ ಕಡೆ ನೋಡಿ, "ಎಂಬತ್ತೊಂಬತ್ತ್ರಿ," ಎಂದಳು. ಯಾಕೆ ನಂಬಬೇಕು ಹೇಳಿ? ಇಪ್ಪತ್ತೆಂಟು ವರ್ಷದ ಕಪಾಳದ ಮುಂದೆ ಒಂದು ದಿನದ ಮಾತು ಯಾವ ಲೆಕ್ಕ!

ಶನಿವಾರ ಮುಂಜಾನೆ ಟೆಂಪೋ ಬಂದು ಸಾಲೆಯ ಮುಂದೆ ನಿಂತಿತು. ಬುರಾನಸಾಬ ಬಾಗಿಲಿಗೆ ಆತು ನಿಂತ. ಮಾಸ್ತರು ಕೇಳಿದರು, ಫರೀನ್ ಎದ್ದಳು. ಅಪ್ಪನನ್ನು ನೋಡಿದಳು, ಪ್ರಜ್ಞಾಳನ್ನು ನೋಡಿದಳು, ತುಟಿ ಬಿಚ್ಚಲಿಲ್ಲ. ಬುರಾನಸಾಬ ನಿಟ್ಟುಸಿರು ಬಿಟ್ಟು, "ಸಾಕು ಬಿಡ್ರಿ ಮಾಸ್ತರ. ನಡಿ ಬೇಟಿ," ಎಂದ.

"ತಡೀಪಾ," ಎಂದರು ಮಾಸ್ತರು. ಕೈಯಲ್ಲಿದ್ದ ಬೋರ್ಡು ಬರೆಯುವ ಖಡು ಮೇಜಿನ ಮೇಲಿಟ್ಟರು. "ಫರೀನ್, ಇಲ್ಲಿ ಬಾ. ಇವತ್ತ ನೀ ನನಗ ಕೇಳು. ಯಾವ ಮಗ್ಗಿ ಬೇಕಾದ್ರೂ ಕೇಳು."

ಹುಡುಗಿ ನಂಬಲಾರದೆ ಬಂದು ನಿಂತಳು. ಕಡೆಗೆ ಮೆಲ್ಲಗೆ ಕೇಳಿದಳು: "ಹತ್ತೊಂಬತ್ತ ಹದಿನೇಳಲೆ?"

ಮಾಸ್ತರು ಬೇಕಂತಲೇ ಸೋತರೆಂದು ಸಂದೀಪ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ. ದೇವರಾಣೆ, ಅವರಿಗೆ ಬರಲಿಲ್ಲ. ಎದುರಿಗೆ ಅಷ್ಟು ಕಣ್ಣು, ಬಾಗಿಲಲ್ಲಿ ಬುರಾನಸಾಬ. ಹತ್ತೊಂಬತ್ತರ ಮಗ್ಗಿ ಎಲ್ಲಿ ಹೋಯಿತೋ, ತಲೆ ಕದ ಹಾಕಿಕೊಂಡು ಕೂತುಬಿಟ್ಟಿತು.

"ಗೊತ್ತಿಲ್ಲವಾ," ಎಂದರು. ಕೈ ಹಿಂದೆ ಕಟ್ಟಿ ಹುಡುಗಿಯ ಎತ್ತರಕ್ಕೆ ಬಗ್ಗಿದರು. "ಹಿಡಿ ಮೂಗ."

ಫರೀನ್ ಎಡಗೈ ಚಾಚಿ ಎರಡು ಬೆರಳಲ್ಲಿ ಮಾಸ್ತರರ ಮೂಗು ಹಿಡಿದಳು. ಬಲಗೈ ಮೇಲೆದ್ದಿತು.

"ಯಾ ಅಲ್ಲಾ! ಏ ಹುಡುಗೀ!" ಎಂದು ಬುರಾನಸಾಬ ಒಳಗೆ ನುಗ್ಗಿದ.

ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು.

"ಮುನ್ನೂರಾ ಇಪ್ಪತ್ತ್ಮೂರ್ರಿ ಸರ್ರ," ಎಂದಳು ಫರೀನ್. ಮೂಗು ಇನ್ನೂ ಬಿಟ್ಟಿರಲಿಲ್ಲ. "ಸರಳ ಐತ್ರಿ. ಇಪ್ಪತ್ತ ಹದಿನೇಳಲೆ ಮುನ್ನೂರಾ ನಾಲ್ವತ್ತು. ಅದರಾಗ ಒಂದ ಹದಿನೇಳು ತಗದ್ರ ಆತು."

"ಹೌದಲ್ಲವಾ!" ಎಂದರು ಮಾಸ್ತರು, ಮೂಗಿನಲ್ಲೇ.

ಮೊದಲು ನಕ್ಕವಳು ಪ್ರಜ್ಞಾ. ಆಮೇಲೆ ಖೋಲಿಗೆ ಖೋಲಿಯೇ ಬಿದ್ದು ಬಿದ್ದು ನಕ್ಕಿತು. ಬುರಾನಸಾಬ ನಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಸೋಮವಾರ ನಾನ ತಂದು ಬಿಡತೇನ್ರಿ ಮಾಸ್ತರ," ಎಂದು ಚಪ್ಪಲಿ ಮೆಟ್ಟಿಕೊಂಡ.

ಮಾಸ್ತರು ನೆಟ್ಟಗಾದಾಗ ಗೋಡೆಯ ಹತ್ತಿರ ಒಂದು ಕೈ ಮೇಲೆದ್ದಿತ್ತು. ಐದನೇ ಇಯತ್ತೆಗೆ ಬಂದಮೇಲೆ ಆ ಕೈ ಎದ್ದದ್ದು ಅದೇ ಮೊದಲು.

"ನನಗ ಕೇಳ್ರಿ ಸರ್ರ," ಎಂದಳು ಪ್ರಜ್ಞಾ.

ಮಾಸ್ತರು ಅಲ್ಲಿಂದಲೇ ಕೇಳಲು ಬಾಯಿ ತೆರೆದವರು ಸುಮ್ಮನಾದರು. ಹುಡುಗಿಯರ ಸಾಲು ದಾಟಿ ಹೋದರು. "ಸ್ವಲ್ಪ ಸರೀರವಾ," ಎನ್ನುತ್ತ ಗೋಡೆಗೂ ಪ್ರಜ್ಞಾಳಿಗೂ ನಡುವೆ ಹೇಗೋ ತೂರಿ, ಸುಣ್ಣದ ಗೋಡೆಗೆ ಬೆನ್ನು ಉಜ್ಜಿ ಬೆಳ್ಳಗಾಗುವುದನ್ನೂ ಲೆಕ್ಕಿಸದೆ ನೆಲಕ್ಕೆ ಕೂತರು. ಆಕೆಯ ಬಲಗಿವಿಯ ಹತ್ತಿರ ಬಗ್ಗಿದರು.

"ಹದಿಮೂರೇಳಲೆ?"