ಏನೂ ಬೆಳೆಯದ ತಟ್ಟೆ

ಚಹಾದ ಚಮಚವನ್ನೂ ದೀಪದ ಜ್ವಾಲೆಗೆ ಹಿಡಿದು, ಅದು ತಣ್ಣಗಾಗುವ ತನಕ ಗಾಳಿಯಲ್ಲಿ ಎತ್ತಿಹಿಡಿದು, ಆಮೇಲೆ ಸಕ್ಕರೆ ಕಲಕುವ ಗಂಡನೊಡನೆ ಸಂಸಾರ ಮಾಡುವುದೆಂದರೆ ಹುಡುಗಾಟವಲ್ಲ. ಬೀದಿಯವರು ಅವರಿಗೆ ‘ಕ್ರಿಮಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಸಿಟ್ಟು ನೆತ್ತಿಗೇರಿದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಕಣ್ಣಿಗೆ ಕಾಣದ ಜೀವಿಗಳು ರೋಗ ತರುತ್ತವೆಂದರೆ ವೈದ್ಯರೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ ಕಾಲವದು. ಇವರೋ, ಮನೆಯ ಹಿಂಬದಿಯ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಮಾಂಸದ ಸಾರು ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಗಳಲ್ಲಿ ಆ ಅಗೋಚರ ಪ್ರಪಂಚವನ್ನು ಬಿತ್ತಿ ಬೆಳೆಸುತ್ತಿದ್ದರು. ಆಮ್ಲ ಸಿಡಿದು ತೂತುಬಿದ್ದ ಕರಿಯ ಕೋಟು. ಎಲ್ಲಿ ಏನು ತಾಗೀತೋ ಎಂಬಂಥ ಓರೆ ನಡಿಗೆ. ತಟ್ಟೆಯ ಮುಚ್ಚಳ ತೆಗೆಯುವಾಗ ಉಸಿರು ಬಿಗಿಹಿಡಿದು ಕೆಂಪೇರುವ ಮುಖ. ಏನೇ ಕೇಳಿ, “ಬೆಳೀಲಿ, ಆಮೇಲೆ ಮಾತಾಡೋಣ” ಎಂದೇ ಉತ್ತರ. ಮನೆ ಬದಲಿಸೋಣವೇ ಎಂದು ಹೆಂಡತಿ ಕೇಳಿದಾಗಲೂ ಅದನ್ನೇ ಹೇಳಿದ್ದರು, ಪುಣ್ಯಾತ್ಮರು!

ಶಿಷ್ಯರಿಗೆ ಅವರು ಬೈಯುತ್ತಿದ್ದುದೆಲ್ಲ ತಂತಿಯ ವಿಷಯಕ್ಕೆ. ಮಾದರಿ ಸವರುವ ತಂತಿಯನ್ನು ಮೊದಲು ಕೆಂಪಗೆ ಕಾಯಿಸಬೇಕು, ಆಮೇಲೆ ಆರಲು ಬಿಡಬೇಕು. ಬಿಸಿ ತಗುಲಿದರೆ ಹುಡುಕಹೊರಟ ಕ್ರಿಮಿಯೇ ಸುಟ್ಟುಹೋಗುತ್ತದೆ.

ಪಕ್ಕದ ಮನೆಯ ಮಗುವನ್ನು ಗಂಟಲಮಾರಿ ಒಯ್ದ ವಾರವೇ ಇವರ ಪುಟ್ಟ ಮಗಳ ಗಂಟಲು ಕಟ್ಟಿತು. ಹೆಂಡತಿಯ ತಮ್ಮ ಆಸ್ಪತ್ರೆಯ ವೈದ್ಯ. ಗಂಟಲಮಾರಿಗೆಂದು ಆಗತಾನೆ ಬಳಕೆಗೆ ಬಂದಿದ್ದ ಸೀರಂ ಎಂಬ ಚುಚ್ಚುಮದ್ದು ಅವನ ಬಳಿ ಇತ್ತು. ಆದರೆ ಅದು ಮೈಗೊಗ್ಗದೆ ಸತ್ತವರನ್ನೂ ಕಂಡಿದ್ದ ಅವನು, ತಟ್ಟೆಯಲ್ಲಿ ಕ್ರಿಮಿ ಕಾಣದ ಹೊರತು ಸೂಜಿ ಚುಚ್ಚಲು ಒಪ್ಪಲಿಲ್ಲ. ಮೇಷ್ಟ್ರೇ ಮಗಳ ಗಂಟಲಿನ ಮಾದರಿ ತೆಗೆದು ತಟ್ಟೆಗೆ ಸವರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು.

ಮರುದಿನ ಬೆಳಗ್ಗೆ ನೋಡಿದರೆ ತಟ್ಟೆ ನಿರ್ಮಲ. ಒಂದು ಚುಕ್ಕೆಯೂ ಇಲ್ಲ. ಸದ್ಯ ಬದುಕಿದೆವೆಂದ ಹೆಂಡತಿಯ ತಮ್ಮ. ಆಕೆ ಕಣ್ಣೊರೆಸಿಕೊಂಡು ಹಾಲು ಕಾಯಿಸಲು ಹೊರಟವಳು, ಗಂಡನ ಮುಖ ಕಂಡು ಅಲ್ಲೇ ನಿಂತಳು. ಆ ಮುಖದಲ್ಲಿ ರಕ್ತವಿರಲಿಲ್ಲ.

“ಚೆನ್ನಾಗಿರೋರ ಬಾಯಲ್ಲೂ ಏನಾದ್ರೂ ಇದ್ದೇ ಇರುತ್ತೆ. ಏನೂ ಬೆಳೀಲಿಲ್ಲ ಅಂದ್ರೆ ನಾನೇ ಸುಟ್ಟಿದ್ದೀನಿ,” ಎಂದರು. “ತಂತಿ ಆರೋಕೆ ಬಿಡಲಿಲ್ಲ. ಅವಳು ಕೆಮ್ಮುತ್ತಾ ಇದ್ಲು.”

ಆಕೆಗೆ ಮೈಯೆಲ್ಲ ಉರಿಯಿತು. ಜೀವಮಾನವಿಡೀ ಚಮಚ ಆರಿಸುತ್ತ ಕೂತ ಮನುಷ್ಯನಿಗೆ ಮಗಳ ಸರದಿಯಲ್ಲೇ ಆತುರ ಬರಬೇಕಿತ್ತೇ! ಹೊಸ ಮಾದರಿ ತೆಗೆದು ನಾಳೆಯ ತನಕ ನೋಡೋಣವೆಂದು ತಮ್ಮ ಹೇಳಿದ. ಒಳಗಿನಿಂದ ಮಗಳ ಉಸಿರು ಗೊರಗುಟ್ಟುವುದು ಕೇಳುತ್ತಿತ್ತು. ಗಂಡನೂ ಹೂಂ ಎಂದುಬಿಟ್ಟರೆ ಎಂದು ಆಕೆ ಅವರತ್ತ ತಿರುಗಿದಳು.

“ನಾಳೆವರೆಗೆ ಅವಳಿಗೆ ಉಸಿರಿಲ್ಲ. ಈಗಲೇ ಕೊಡು,” ಎಂದರು ಮೇಷ್ಟ್ರು. “ಪುರಾವೆ ಇಲ್ಲ ಅಂತ ನಂಗೂ ಗೊತ್ತು. ಏನಾದ್ರೂ ಆದ್ರೆ ನನ್ನ ತಲೆ ಮೇಲಿರಲಿ.”

ತಮ್ಮ ಸೂಜಿ ಚುಚ್ಚಿದ. ಮಗಳ ಮೈಮೇಲೆ ದದ್ದೆದ್ದಾಗ ಮೂವರೂ ಮಂಚ ಬಿಟ್ಟು ಕದಲಲಿಲ್ಲ. ಮಾರನೆಯ ದಿನ ಉಸಿರು ಸಡಿಲವಾಗಿ, ಹುಡುಗಿ ನೀರು ಕೇಳಿದಳು. ಸೂಜಿಗೆ ಮುಂಚೆ ತೆಗೆದಿರಿಸಿದ್ದ ಹೊಸ ಮಾದರಿಯಲ್ಲಿ ಗಂಟಲಮಾರಿಯ ಕ್ರಿಮಿ ಹುಲುಸಾಗಿ ಬೆಳೆದಿತ್ತು. ಮೇಷ್ಟ್ರು ಶಿಷ್ಯರನ್ನು ಕರೆದು ಎರಡೂ ತಟ್ಟೆ ತೋರಿಸಿ, ಖಾಲಿಯದು ತಾವೇ ಆತುರದಲ್ಲಿ ಸುಟ್ಟು ಕೆಡಿಸಿದ್ದೆಂದು ಹೇಳಿದರು.

ಕೆಟ್ಟ ಸುದ್ದಿಯನ್ನು ಅನುಮಾನಿಸುವವರು ಎಲ್ಲೆಲ್ಲೂ ಸಿಗುತ್ತಾರೆ. ತಾವು ಹಂಬಲಿಸಿದ ಒಳ್ಳೆಯ ಸುದ್ದಿಯನ್ನೇ, ಹೆತ್ತ ತಾಯಿ ಕಣ್ಣೊರೆಸಿಕೊಳ್ಳುತ್ತಿರುವಾಗ, ಸುಳ್ಳೆಂದು ಹೇಳಬಲ್ಲವರು ಅಪರೂಪ. ಆ ಗಳಿಗೆಯಲ್ಲಿ ಅವರಷ್ಟು ಕ್ರೂರರು ಬೇರಿಲ್ಲವೆನಿಸುತ್ತದೆ. ಅವರ ಮಾತಿನಿಂದಲೇ ಮಗು ಉಳಿಯುತ್ತದೆ.